ಬಾಣದ ಆಸರೆ: ವೇಗ ಮುಖ್ಯವೋ, ಏಕರೂಪತೆ ಮುಖ್ಯವೋ?

ಬಿಲ್ಲನ್ನು ಎಳೆದು ಹಿಡಿದಾಗ ಬಾಣದ ಹಿಂತುದಿ ಹೆದೆಗೆ ಸಿಕ್ಕಿಕೊಂಡಿರುತ್ತದೆ. ಮುಂಭಾಗಕ್ಕೆ ಬಿಲ್ಲಿನ ಹಿಡಿಯ ಮೇಲ್ಗಡೆ ಒಂದು ಪುಟ್ಟ ಆಸರೆ ಬೇಕು. ಇದೇ ‘ಆರೋ ರೆಸ್ಟ್’. ನಮ್ಮ ದೇಶದಲ್ಲಿ ಜಿಂಕೆಯ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಅಮೆರಿಕದಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆಯಾಡುವವರಿದ್ದಾರೆ. ಅವರಿಗಾಗಿ ಬರೆದ ಜಾಹೀರಾತುಗಳಲ್ಲೂ ಕೈಪಿಡಿಗಳಲ್ಲೂ ಒಂದು ವಾದ ಮತ್ತೆ ಮತ್ತೆ ಕಾಣುತ್ತದೆ: ಬಾಣದ ಗರಿಗೆ ತಾಗದ ಆಸರೆಯೇ ಉತ್ತಮ, ಏಕೆಂದರೆ ಅದು ವೇಗವನ್ನು ತಗ್ಗಿಸುವುದಿಲ್ಲ. ಈ ವಾದ ಎಷ್ಟು ಗಟ್ಟಿ? ಪರೀಕ್ಷಿಸೋಣ.

ಪ್ರಚಲಿತ ಆಸರೆಗಳಲ್ಲಿ ಎರಡು ಮುಖ್ಯ. ‘ವಿಸ್ಕರ್ ಬಿಸ್ಕಿಟ್’ ಮಾದರಿಯಲ್ಲಿ ಬಿರುಗೂದಲಿನ ಬಳೆಯೊಂದು ಬಾಣವನ್ನು ಸುತ್ತಲೂ ಹಿಡಿದಿರುತ್ತದೆ. ಗರಿಗಳು ಕೂದಲನ್ನು ಸವರಿಕೊಂಡೇ ಹೋಗಬೇಕು. ‘ಡ್ರಾಪ್ ಅವೇ’ ಮಾದರಿಯಲ್ಲಿ ಬಾಣ ಹೊರಟ ಕೂಡಲೇ ಆಸರೆಯ ತೋಳು ಕೆಳಗೆ ಮಡಚಿಕೊಳ್ಳುತ್ತದೆ.

ಬಾಣದ ವೇಗ ಸೆಕೆಂಡಿಗೆ 85 ಮೀಟರ್ ಎಂದುಕೊಳ್ಳಿ. 20 ಮೀಟರ್ ಕ್ರಮಿಸಲು ಸುಮಾರು 0.235 ಸೆಕೆಂಡ್ ಬೇಕು. ಅಷ್ಟರಲ್ಲಿ ಗುರುತ್ವದಿಂದ ಅದು 27 ಸೆಂಟಿಮೀಟರ್ ಇಳಿಯುತ್ತದೆ. ಘರ್ಷಣೆಯಿಂದ ವೇಗ ಸೆಕೆಂಡಿಗೆ ಒಂದು ಮೀಟರ್ ತಗ್ಗಿತೆನ್ನಿ. ಹೆಚ್ಚುವರಿ ಇಳಿತ 7 ಮಿಲಿಮೀಟರಿಗಿಂತ ಕಡಿಮೆ! ಅದೂ ಪ್ರತಿ ಬಾರಿ ಒಂದೇ ಆಗಿದ್ದರೆ ಗುರಿಕಂಡಿಯನ್ನು ಹೊಂದಿಸಿ ಸರಿಪಡಿಸಬಹುದು. ಆದರೆ ಬಾಣ ಹೊರಡುವ ಕೋನ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಬದಲಾದರೂ ಅದೇ ದೂರದಲ್ಲಿ 3.5 ಸೆಂಟಿಮೀಟರ್ ತಪ್ಪುತ್ತದೆ. ಒಂದೊಂದು ಬಾರಿ ಒಂದೊಂದು ಕಡೆ ತಪ್ಪಿದರೆ ಅದಕ್ಕೆ ಹೊಂದಾಣಿಕೆಯೇ ಇಲ್ಲ. ಬೇಟೆಯ ಬಾಣದ ಅಗಲವಾದ ಅಲಗುಗಳು ಗಾಳಿಯಲ್ಲಿ ರೆಕ್ಕೆಗಳಂತೆ ವರ್ತಿಸಿ ಈ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ.

‘ಡ್ರಾಪ್’ ಎಂಬ ಹೆಸರನ್ನೂ ಪ್ರಶ್ನಿಸಬೇಕು. ಹೆದೆ ಬಾಣವನ್ನು ಅರ್ಧ ಮೀಟರ್ ತಳ್ಳುತ್ತದೆ. ವೇಗೋತ್ಕರ್ಷ ಏಕರೂಪವೆಂದು ಭಾವಿಸಿದರೆ ಇದಕ್ಕೆ ಸುಮಾರು 12 ಮಿಲಿಸೆಕೆಂಡ್ ಸಾಕು. ಗುರುತ್ವವೊಂದನ್ನೇ ನಂಬಿದರೆ ಇಷ್ಟು ಕಾಲದಲ್ಲಿ ಆಸರೆ ಬೀಳುವುದು ಒಂದು ಮಿಲಿಮೀಟರೂ ಇಲ್ಲ. ಒಂದು ಸೆಂಟಿಮೀಟರ್ ಬೀಳಲು 45 ಮಿಲಿಸೆಕೆಂಡ್ ಬೇಕು. ಆದ್ದರಿಂದ ಆಸರೆಯನ್ನು ಸ್ಪ್ರಿಂಗು ಇಲ್ಲವೇ ದಾರ ಕೆಳಗೆಳೆಯಬೇಕು. ಬೇಗ ಇಳಿದರೆ ಬಾಣಕ್ಕೆ ಆಸರೆ ತಪ್ಪುತ್ತದೆ. ತಡವಾದರೆ, ಅಥವಾ ಇಳಿದು ಪುಟಿದರೆ, ಗರಿಗೆ ಬಡಿಯುತ್ತದೆ. ದಾರದ ಗಂಟು ಸಡಿಲಾದರೆ ಇಡೀ ಲೆಕ್ಕಾಚಾರ ತಲೆಕೆಳಗು. ಕೈಪಿಡಿಗಳು ಒತ್ತಿ ಹೇಳಬೇಕಾದುದು ಈ ಸಮಯಪಾಲನೆಯನ್ನು.

ಇನ್ನೊಂದು ಅಂಶ: ಹೆದೆಯನ್ನು ಬಿಡುವ ಬಗೆ. ಬೆರಳಿನಿಂದ ಬಿಟ್ಟಾಗ ಹೆದೆ ಪಕ್ಕಕ್ಕೆ ಸರಿದು ಬಾಣ ಅಡ್ಡಡ್ಡ ಬಳುಕುತ್ತದೆ. ಅದಕ್ಕೆ ಪಕ್ಕದ ಆಸರೆ ಬೇಕು. ಯಾಂತ್ರಿಕ ಕೊಂಡಿಯಿಂದ ಬಿಟ್ಟಾಗ ಬಳುಕು ಹೆಚ್ಚಾಗಿ ಮೇಲೆ-ಕೆಳಗೆ. ಡ್ರಾಪ್ ಅವೇ ಒಪ್ಪುವುದು ಇಲ್ಲಿ.

ಹಾಗಾದರೆ ಬಿರುಗೂದಲಿನ ಬಳೆಯೇ ಮೇಲೇ? ಅದರಲ್ಲೂ ದೋಷಗಳಿವೆ: ಗರಿ ಸವೆಯುತ್ತದೆ, ಮಳೆಯಲ್ಲಿ ಕೂದಲು ಒದ್ದೆಯಾಗುತ್ತದೆ. ಆದರೆ ಚಲಿಸುವ ಭಾಗವಿಲ್ಲ. ಮರದ ಮೇಲೆ ಕಾಯುವಾಗ ಬಾಣ ಜಾರದು. ಚೆನ್ನಾಗಿ ಹೊಂದಿಸಿದ ಡ್ರಾಪ್ ಅವೇ ನಿಜಕ್ಕೂ ನಿಖರ; ಹೊಂದಿಸಿ ಕಾಪಾಡಲಾರದವನಿಗೆ ಬಳೆಯೇ ಸುರಕ್ಷಿತ. ಇದು ಬರಿಯ ಅಂಕದ ಪ್ರಶ್ನೆಯಲ್ಲ. ಹಲಗೆಯ ಮೇಲಿನ ಕೆಲವು ಸೆಂಟಿಮೀಟರ್ ತಪ್ಪು ಕಾಡಿನಲ್ಲಿ ಗಾಯಗೊಂಡು ನರಳುವ ಪ್ರಾಣಿಯಾಗಬಹುದು.

ಮೇಲಿನ ಲೆಕ್ಕಗಳಿಗೆ ಪ್ರೌಢಶಾಲೆಯ ಚಲನೆಯ ಸಮೀಕರಣಗಳಷ್ಟೇ ಸಾಕು. ಶಿಕ್ಷಕರು ಇವನ್ನು ತರಗತಿಯಲ್ಲಿ ಮಾಡಿಸಿ ನೋಡಲಿ. ಜಾಹೀರಾತಿನಲ್ಲಿ ದಪ್ಪ ಅಕ್ಷರದ ಸಂಖ್ಯೆ ಕಂಡಾಗ, ‘ಇದು ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ?’ ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಬಂದರೆ ಅದೇ ದೊಡ್ಡ ಲಾಭ.