ದುಗ್ಧನಾಳದ ಪರವಾಗಿ

ಹೃದಯದ ಕವಾಟಗಳ ಕುರಿತು ಬರೆಯುವೆನೆಂದು ಕಳೆದ ವಾರ ಮಾತು ಕೊಟ್ಟಿದ್ದೆನಷ್ಟೆ. ಆದರೆ ಎರೆಹೊಲವನ್ನು ಬರಿಗಾಲಲ್ಲಿ ತುಳಿಯುವವರ ಅಂಗಾಲಿನಲ್ಲೆದ್ದ ಮೆಲನೋಮ ಎಂಬ ಕಪ್ಪು ಮಚ್ಚೆಯ ಅರ್ಬುದವು ದುಗ್ಧನಾಳಗಳ ಮೂಲಕವೇ ತೊಡೆಸಂದಿಗೆ ಹಬ್ಬುವುದಾದರೆ ಆ ನಾಳಗಳನ್ನೂ ಗ್ರಂಥಿಗಳನ್ನೂ ಕತ್ತರಿಸಿಹಾಕಬಾರದೇಕೆಂದು ಸಿಂದಗಿಯ ಓದುಗರೊಬ್ಬರು ಕೇಳಿರುವುದರಿಂದ, ಕವಾಟಗಳು ಕಾಯಲಿ.

ಗ್ರಂಥಿಗಳನ್ನೆಲ್ಲ ಬುಡಸಹಿತ ಕೀಳಬೇಕೆಂದು ಸಾರುತ್ತಿದ್ದ ಶಸ್ತ್ರಪಂಥದೊಡನೆ ನನ್ನದು ಹಳೆಯ ಜಗಳ. ಕಳ್ಳ ಓಡಿದ ಹಾದಿಯಲ್ಲೇ ದೂರು ಹೊತ್ತವನೂ ಠಾಣೆಗೆ ನಡೆಯಬೇಕಲ್ಲವೆ? ಚರ್ಮದ ಡೆಂಡ್ರಿಟಿಕ್ ಕೋಶಗಳು ಗಡ್ಡೆಯ ಅಂಶವನ್ನು ಹೊತ್ತು, ನಾಳದ ಒಳಗೋಡೆ ಸ್ರವಿಸುವ ಸಿಸಿಎಲ್21 ಎಂಬ ದ್ರವ್ಯದ ಜಾಡು ಹಿಡಿದು ಗ್ರಂಥಿಯನ್ನು ಸೇರಿದಾಗಲೇ ರಕ್ಷಕ ಟಿ ಕೋಶಗಳಿಗೆ ವೈರಿಯ ಗುರುತು ಹತ್ತುವುದು. ಚರ್ಮದಲ್ಲಿ ದುಗ್ಧನಾಳಗಳಿಲ್ಲದಂತೆ ಬೆಳೆಸಿದ ಇಲಿಗಳ ಮೆಲನೋಮದೊಳಕ್ಕೆ ರಕ್ಷಕ ಕೋಶಗಳು ಬಂದುದು ತೀರ ವಿರಳ. ಗಡ್ಡೆಯ ರಸ ಮೊದಲು ತಲಪುವ ಗ್ರಂಥಿಯನ್ನು ಬಣ್ಣ ಹಾಯಿಸಿ ಗುರುತಿಸುವ ಕ್ರಮವನ್ನು ಡೊನಾಲ್ಡ್ ಮಾರ್ಟನ್ 1992ರಲ್ಲಿ ಪ್ರಕಟಿಸಿದರು. ಆ ಗ್ರಂಥಿಯಲ್ಲಿ ಅರ್ಬುದ ಕಂಡವರಲ್ಲಿಯೂ ಉಳಿದವನ್ನೆಲ್ಲ ತೆಗೆದುದರಿಂದ ಮೆಲನೋಮದ ಸಾವು ತಗ್ಗಲಿಲ್ಲವೆಂದು 2017ರ ದೊಡ್ಡ ಪರೀಕ್ಷೆ ತೋರಿಸಿತು. ಬಾವು ಮಾತ್ರ, ಕಾದು ನೋಡಿದವರಲ್ಲಿ ನೂರಕ್ಕೆ 6 ಮಂದಿಗೆ ಬಂದರೆ, ತೆಗೆಸಿಕೊಂಡವರಲ್ಲಿ 24 ಮಂದಿಗೆ ಬಂದಿತು. ರಸ ಹರಿಯದ ಕಾಲು ಎಂಥದೆಂಬುದನ್ನು, ಆನೆಕಾಲಿನ ಮಾತ್ರೆ ಮನೆಮನೆಗೆ ಹಂಚಿದ ಜಿಲ್ಲೆಯವರಾದ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ನಾನು ವಿವರಿಸಬೇಕೆ? ಬೆರಳ ಸಂದಿನ ಸಣ್ಣ ಬಿರುಕೂ ಅಲ್ಲಿ ಚಳಿಜ್ವರವಾಗಿ ಮರಮರಳಿ ಕಾಡುತ್ತದೆ.

ಹಾಗೆಂದು ನಾಳವೇನೂ ಸಾಧುವಲ್ಲ. ಟಿ ಕೋಶಗಳು ಗಡ್ಡೆಯ ಮೇಲೆರಗಿ ಇಂಟರ್‌ಫೆರಾನ್ ಸುರಿಸಿದೊಡನೆ, ನಾಳದ ಗೋಡೆಯೇ ಪಿಡಿ-ಎಲ್1 ಎಂಬ ದ್ರವ್ಯವನ್ನು ತಳೆದು ಅವನ್ನು ತಣ್ಣಗಾಗಿಸುವುದುಂಟು. ಹೊಸ ನಾಳಗಳನ್ನು ಚಿಗುರಿಸಿ ಅರ್ಬುದಕ್ಕೆ ದಾರಿ ಮಾಡಿಕೊಡುವ ವಿಇಜಿಎಫ್-ಸಿ ಎಂಬ ದ್ರವ್ಯವೇ, ಇಲಿಗಳಲ್ಲಿ ಟಿ ಕೋಶಗಳನ್ನು ಗಡ್ಡೆಗೆ ಸೆಳೆದು ರೋಗನಿರೋಧಕ ಚಿಕಿತ್ಸೆಯನ್ನು ಹೆಚ್ಚು ಫಲಕಾರಿಯಾಗಿಸಿದೆ.

ಇದೆಲ್ಲಕ್ಕಿಂತ ನನಗೆ ಪ್ರಿಯವಾದುದು ಕರುಳಿನ ದುಗ್ಧನಾಳಗಳನ್ನು ಕಂಡುಹಿಡಿದ ವೈದ್ಯ ಗಾಸ್ಪಾರೆ ಅಸೆಲ್ಲಿಯ ವೃತ್ತಾಂತ. 1622ರ ಜುಲೈ 23ರಂದು ಮಿಲಾನ್ ನಗರದಲ್ಲಿ, ಮಿತ್ರರಿಗೆ ನರಗಳನ್ನೂ ವಪೆಯ ಚಲನೆಯನ್ನೂ ತೋರಿಸಲೆಂದು ಜೀವಂತ ನಾಯಿಯೊಂದರ ಒಡಲನ್ನು ತೆರೆದು ಕರುಳನ್ನು ಕೆಳಕ್ಕೆ ಸರಿಸಿದಾಗ, ಬಿಳಿಯ ದಾರಗಳಂಥವು ಕಂಡವು. ಮೊದಲು ನರಗಳೆಂದೇ ಬಗೆದನು. ಚುಚ್ಚಿದರೆ ಹಾಲಿನಂಥ ರಸ ಚಿಮ್ಮಿತು. ಮರುದಿನ ಮತ್ತೊಂದು ನಾಯಿಯನ್ನು ಸೀಳಿದರೆ ಏನೂ ಇಲ್ಲ! ಮೊದಲಿನದು ಹೊಟ್ಟೆತುಂಬ ಉಂಡಿತ್ತೆಂಬುದು ಆಮೇಲೆ ನೆನಪಾಗಿ, ಇನ್ನೊಂದಕ್ಕೆ ಉಣಿಸಿ ನೋಡಿದನು. ನಾಳಗಳು ಮತ್ತೆ ಬೆಳ್ಳಗೆ ಮೂಡಿದವು. ಬಣ್ಣದ ಮರದಚ್ಚುಗಳಿದ್ದ ಅವನ ಗ್ರಂಥ ಹೊರಬಂದುದು 1627ರಲ್ಲಿ. ಅಷ್ಟರೊಳಗೆ ಅವನು ತೀರಿಕೊಂಡಿದ್ದನು.