ಕಪ್ಪು-ಬಿಳುಪು ಗಡಿಯ ಚಿತ್ರಗಳು ಮತ್ತು ಒಬ್ಬ ದುಭಾಷಿ

ಈ ವಾರ್ಷಿಕ ಸಂಚಿಕೆಗೆ ಒಂದು ವಿಮರ್ಶಾ ಲೇಖನ ಬೇಕೆಂದು ಕಾಸರಗೋಡಿನ ಮಿತ್ರರು ಕೇಳಿದಾಗ ಹಿಂಜರಿದೆ. ನಾನು ಬಿ.ಎ.ವರೆಗೆ ಓದಿದ ಬ್ಯಾಂಕು ಗುಮಾಸ್ತ. ಊರು ಆಂಧ್ರದ ಕರ್ನೂಲು ಜಿಲ್ಲೆಯ ಆದವಾನಿ. ಈಗಿನ ಬೋರ್ಡುಗಳಲ್ಲಿ ಆದೋನಿ. ಕಾವ್ಯ, ಕಾದಂಬರಿಗಳ ವಿಮರ್ಶೆ ನನ್ನಿಂದಾಗದ ಕೆಲಸ. ಆದರೆ ಅಮೆರಿಕದ ಹಳೆಯ ಕಪ್ಪು-ಬಿಳುಪು ‘ವೆಸ್ಟರ್ನ್’ ಚಿತ್ರಗಳನ್ನು ಹುಡುಗನಾಗಿದ್ದಾಗಿನಿಂದ ನೋಡುತ್ತ ಬಂದಿದ್ದೇನೆ. ಕುದುರೆ, ಬಂದೂಕು, ಧೂಳಿನ ಆ ಚಿತ್ರಗಳಿಗೂ ಗಡಿನಾಡಿನ ಕನ್ನಡ ಮನೆಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ ಎಂಬುದೇ ಈ ಬರಹದ ವಾದ.

1995ರಲ್ಲಿ ನಮ್ಮ ಕಡೆ ಕೇಬಲ್ ಟಿ.ವಿ. ಇದ್ದ ಮನೆಗಳಿಗೆ ಹೊಸದೊಂದು ಚಾನೆಲ್ ಬಂತು. ಹಗಲು ಕಾರ್ಟೂನ್, ಹೊತ್ತು ಇಳಿದ ಮೇಲೆ ಟಿ.ಎನ್.ಟಿ. ಎಂಬ ಹೆಸರಿನಲ್ಲಿ ಹಳೆಯ ಹಾಲಿವುಡ್ ಚಿತ್ರಗಳು. ಪಕ್ಕದ ಮನೆಯ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ. ಚಿತ್ರದೊಳಗಿನ ಬೋಳು ಬಂಡೆಗಳು ಆದವಾನಿ ಕೋಟೆಯ ಗುಡ್ಡದಂತೆಯೇ ಕಾಣುತ್ತಿದ್ದವು. ಇಂಗ್ಲಿಷ್ ಮಾತು ಅರ್ಥವಾಗುತ್ತಿರಲಿಲ್ಲ. ಆದ್ದರಿಂದ ಬಂದೂಕನ್ನೇ ನೋಡಿದೆ. ಮಾತು ಅರ್ಥವಾಗತೊಡಗಿದ್ದು ಎಷ್ಟೋ ವರ್ಷಗಳ ನಂತರ, ಡಿವಿಡಿ ತರಿಸಿ ನೋಡಿದಾಗ. ಆಗ ತಿಳಿಯಿತು: ಈ ಚಿತ್ರಗಳಲ್ಲಿ ಬಂದೂಕಿಗಿಂತ ಮುಂಚೆ ಮಾತು ಕೆಟ್ಟಿರುತ್ತದೆ.

ಜಾನ್ ಫೋರ್ಡ್ ನಿರ್ದೇಶಿಸಿದ ‘ಫೋರ್ಟ್ ಅಪಾಚಿ’ ಬಂದದ್ದು 1948ರಲ್ಲಿ. ಅವರದೇ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’ 1962ರಲ್ಲಿ. ಈ ಎರಡರ ನಡುವಿನ 14 ವರ್ಷಗಳಲ್ಲೇ ನಮ್ಮ ಗೆರೆಗಳೂ ಬಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. 1956ರ ನವೆಂಬರ್ 1ರಂದು ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಅಜ್ಜ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಗೆರೆಯೇ ಬಂದು ಮನೆಯ ಆಚೆ ಕೂತಿತು.

ಈಗ ‘ಫೋರ್ಟ್ ಅಪಾಚಿ’ಯ ಒಂದು ದೃಶ್ಯ. ಮೀಸಲು ಪ್ರದೇಶ ಬಿಟ್ಟು ಹೋದ ಅಪಾಚಿಗಳ ನಾಯಕ ಕೊಚಿಸ್, ಕ್ಯಾಪ್ಟನ್ ಯಾರ್ಕ್‌ನ ಮಾತನ್ನು ನಂಬಿ ಸಂಧಾನಕ್ಕೆ ಬಂದಿದ್ದಾನೆ. ಯಾರ್ಕ್ ಪಾತ್ರದಲ್ಲಿ ಜಾನ್ ವೇಯ್ನ್. ದಳದ ಮುಖ್ಯಸ್ಥ ಕರ್ನಲ್ ಥರ್ಸ್‌ಡೇ ಆಗಿ ಹೆನ್ರಿ ಫೋಂಡಾ. ಕೊಚಿಸ್ ಮಾತಾಡುವುದು ಸ್ಪ್ಯಾನಿಷ್‌ನಲ್ಲಿ. ನಡುವೆ ನಿಂತ ಸಾರ್ಜೆಂಟ್ ಬೋಫೋರ್ಟ್ ಇಂಗ್ಲಿಷಿಗೆ ತಿರುಗಿಸುತ್ತಾನೆ. ಸರ್ಕಾರದ ಏಜೆಂಟ್ ತನ್ನ ಜನರನ್ನು ಹೇಗೆ ಹಾಳು ಮಾಡಿದನೆಂದು ಕೊಚಿಸ್ ಸಮಾಧಾನವಾಗಿ ಹೇಳುತ್ತಾನೆ. ಕರ್ನಲ್ ಉತ್ತರವಾಗಿ ಬೈಯುತ್ತಾನೆ. ಬೈಗುಳವನ್ನು ಹಾಗೆಯೇ ಭಾಷಾಂತರಿಸಬೇಕೆಂದು ಬೋಫೋರ್ಟ್‌ಗೆ ಆಜ್ಞೆ. ಆ ಕ್ಷಣದಲ್ಲಿ ದುಭಾಷಿಯ ಮುಖ ನೋಡಬೇಕು. ಪೆಡ್ರೊ ಆರ್ಮೆಂಡಾರಿಸ್ ಎಂಬ ಮೆಕ್ಸಿಕೋದ ದೊಡ್ಡ ನಟ ಈ ಪಾತ್ರ ವಹಿಸಿದ್ದಾರೆ. ಮುಂದೆ ಯುದ್ಧವಾಗುತ್ತದೆ, ದಳ ನಾಶವಾಗುತ್ತದೆ, ಪತ್ರಿಕೆಗಳು ಕರ್ನಲನನ್ನು ವೀರನೆನ್ನುತ್ತವೆ. ವಿಮರ್ಶಕರು ಹೆಚ್ಚಾಗಿ ಬರೆಯುವುದು ಆ ಕೊನೆಯ ಸುಳ್ಳಿನ ಬಗ್ಗೆ. ನನಗೆ ಮಾತ್ರ ಚಿತ್ರ ಸಂಧಾನದ ಆ ದೃಶ್ಯದಲ್ಲೇ ಮುಗಿದುಹೋಗಿರುತ್ತದೆ.

ಅದಕ್ಕೆ ಕಾರಣ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೊಳಗುಂದ ಕಡೆಯ ಒಂದು ಹಳ್ಳಿಯಿಂದ ವೃದ್ಧರೊಬ್ಬರು ನನ್ನ ಕೌಂಟರಿಗೆ ಬಂದರು. ಕೈಯಲ್ಲಿ ಚಿನ್ನದ ಸಾಲದ ನೋಟೀಸು, ತೆಲುಗು ಮತ್ತು ಇಂಗ್ಲಿಷಿನಲ್ಲಿ. ಅವರಿಗೆ ಕನ್ನಡ ಮಾತ್ರ ಸಲೀಸು. ಇಂಥ ತಾರೀಖಿನೊಳಗೆ ಕಟ್ಟದಿದ್ದರೆ ಒಡವೆ ಹರಾಜು ಎಂದು ಅದರಲ್ಲಿತ್ತು. ಅವರ ಕೈ ನಡುಗುತ್ತಿತ್ತು. ‘ಹರಾಜು’ ಎಂಬ ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ‘ಬೇಗ ಬಂದು ಕಟ್ಟಿಬಿಡಿ ಅಜ್ಜ, ಇಲ್ಲದಿದ್ದರೆ ತೊಂದರೆ ಆಗುತ್ತದೆ’ ಎಂದೆ. ಅವರು ನೆಮ್ಮದಿಯಿಂದ ಹೋದರು. ಹತ್ತಿ ಮಾರಿ ಹಣ ತಂದಾಗ ತಾರೀಖು ದಾಟಿತ್ತು. ಸೊಸೆಯ ಸರ ಹೋಗಿತ್ತು. ನನ್ನನ್ನು ಅವರು ಬೈಯಲಿಲ್ಲ. ‘ನೀವು ಹೇಳಿದ್ದು ತಿಳಿಯಲಿಲ್ಲಪ್ಪಾ’ ಎಂದರು ಅಷ್ಟೆ. ಅವರಿಗೆ ತಿಳಿದಿತ್ತು. ನಾನು ಹೇಳಿರಲಿಲ್ಲ.

ಬೋಫೋರ್ಟ್ ಬೈಗುಳವನ್ನು ಮೃದು ಮಾಡಬಾರದಿತ್ತೇ ಎಂದು ಹಿಂದೆ ನನಗೆ ಅನ್ನಿಸುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಆತನ ನಿಷ್ಠೆ ಯುದ್ಧ ತಂದಿತು, ನನ್ನ ಕರುಣೆ ಒಡವೆ ಕಳೆಯಿತು. ನನ್ನ ತಪ್ಪು ನನ್ನದೇ. ಅದನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. ಆದರೆ ಎರಡೂ ಕಡೆ ಒಂದು ಸಂಗತಿ ಸಮಾನ. ಕೊಚಿಸ್ ತನ್ನದಲ್ಲದ ಒಂದು ಭಾಷೆ ಕಲಿತು ಬಂದಿದ್ದಾನೆ. ಕರ್ನಲ್ ಏನನ್ನೂ ಕಲಿಯಬೇಕಾಗಿಲ್ಲ. ಗಡಿಯಲ್ಲಿ ಅಧಿಕಾರವೆಂದರೆ ಇದು: ಎದುರಿನವನ ಭಾಷೆ ಕಲಿಯದೆಯೂ ಬದುಕು ನಡೆಯುವುದು. ಕಪ್ಪು-ಬಿಳುಪು ವೆಸ್ಟರ್ನ್‌ಗಳ ಬೆಲೆ ಕಟ್ಟಲು ಇದೇ ನನ್ನ ಅಳತೆಗೋಲು.

ಹಾಗಾದರೆ ಅಧಿಕಾರದ ಭಾಷೆಯನ್ನು ಕಲಿತುಬಿಟ್ಟರೆ ಸಾಕೆ? ಸಾಲದೆಂದು ತೋರಿಸುವುದು ಆಂಥೊನಿ ಮ್ಯಾನ್ ನಿರ್ದೇಶಿಸಿದ ‘ಡೆವಿಲ್ಸ್ ಡೋರ್‌ವೇ’ (1950). ಇದರ ನಾಯಕ ಲ್ಯಾನ್ಸ್ ಪೂಲ್ ಶೊಶೋನಿ ಬುಡಕಟ್ಟಿನವನು. ಅಂತರ್ಯುದ್ಧದಲ್ಲಿ ಸರ್ಕಾರದ ಪರ ಹೋರಾಡಿ ಅತ್ಯುನ್ನತ ಪದಕ ಪಡೆದವನು, ಇಂಗ್ಲಿಷ್ ಚೆನ್ನಾಗಿ ಬಲ್ಲವನು. ತಲೆಮಾರುಗಳಿಂದ ತಮ್ಮವರು ಬಾಳಿದ ಕಣಿವೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಹೋದರೆ, ಇಂಡಿಯನ್ನರು ಪ್ರಜೆಗಳೇ ಅಲ್ಲ, ಅರ್ಜಿ ಹಾಕುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಅಲ್ಲಿನ ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ. ಜಾನ್ ಆಲ್ಟನ್‌ರ ಛಾಯಾಗ್ರಹಣ ಈ ಚಿತ್ರದ ಶಕ್ತಿ. ಕತ್ತಲೆ ಮುಖಗಳನ್ನು ನುಂಗುತ್ತ ಹೋಗುತ್ತದೆ. ಲ್ಯಾನ್ಸ್‌ನ ಪಾತ್ರವನ್ನು ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯ ನಟ ರಾಬರ್ಟ್ ಟೇಲರ್‌ಗೆ ಕೊಟ್ಟದ್ದು ಅದರ ದೌರ್ಬಲ್ಯ. ಅನ್ಯಾಯವನ್ನು ಹೇಳುವ ಚಿತ್ರವೇ ಅನ್ಯಾಯಕ್ಕೊಳಗಾದವನಿಗೆ ಜಾಗ ಕೊಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಥ ಚಿತ್ರ ನೋಡುವಾಗ ಗಡಿನಾಡಿನ ನಮಗೆ ಥಟ್ಟನೆ ‘ನಾವೇ ಆ ಇಂಡಿಯನ್ನರು’ ಎನಿಸುತ್ತದೆ. ಅದು ಸರಿಯಲ್ಲ. ಅವರು ನೆಲವನ್ನೂ ಪ್ರಾಣವನ್ನೂ ಕಳೆದುಕೊಂಡರು. ನಮಗೆ ಮತವಿತ್ತು, ಹೊಲದ ಪಟ್ಟಾ ಇತ್ತು, ಕನ್ನಡ ಮಾಧ್ಯಮದ ಶಾಲೆಗಳೂ ಇದ್ದವು. ನಮ್ಮದು ನೋವೇ, ಆದರೆ ಅವರ ನೋವನ್ನು ಎರವಲು ತಂದು ನಮ್ಮದನ್ನು ದೊಡ್ಡದು ಮಾಡಬೇಕಿಲ್ಲ.

ನಿಜವಾಗಿ ನಮ್ಮನ್ನು ಕೆಣಕುವುದು ‘ಲಿಬರ್ಟಿ ವ್ಯಾಲನ್ಸ್’. ಅದರ ಕಥೆಯೇ ರಾಜ್ಯ ರಚನೆಯ ಕಥೆ. ವಕೀಲ ಸ್ಟಾಡರ್ಡ್ (ಜೇಮ್ಸ್ ಸ್ಟೂವರ್ಟ್) ಶಿನ್‌ಬೋನ್ ಎಂಬ ಊರಿನಲ್ಲಿ ಶಾಲೆ ತೆರೆಯುತ್ತಾನೆ. ಸ್ವೀಡನ್ನಿನಿಂದ ಬಂದ ತಾಯಿ, ಮೆಕ್ಸಿಕನ್ ಮಕ್ಕಳು, ಪಾಂಪಿ ಎಂಬ ಕರಿಯ ಕೆಲಸಗಾರ ಎಲ್ಲರೂ ಒಂದೇ ಕೋಣೆಯಲ್ಲಿ. ಪಾಂಪಿ ಸ್ವಾತಂತ್ರ್ಯ ಘೋಷಣೆಯನ್ನು ಒಪ್ಪಿಸುತ್ತ, ಎಲ್ಲರೂ ಸಮಾನರೆಂಬ ಮಾತಿಗೆ ಬಂದಾಗ ತಡವರಿಸಿ ಮರೆಯುತ್ತಾನೆ. ಫೋರ್ಡ್ ಅದನ್ನು ಬೇಕೆಂದೇ ಇಟ್ಟಿದ್ದಾರೆ. ದೊಡ್ಡ ನಿರ್ದೇಶಕನ ಕಣ್ಣು ಅದು. ಆದರೆ ಆ ಕೋಣೆಯಲ್ಲಿ ಇಂಗ್ಲಿಷ್ ಒಂದೇ. ಆ ಮೆಕ್ಸಿಕನ್ ಮಕ್ಕಳು ಮನೆಯ ಮಾತನ್ನು ಎಲ್ಲಿಟ್ಟು ಬಂದರು ಎಂದು ಚಿತ್ರ ಕೇಳುವುದೇ ಇಲ್ಲ. ಫೋರ್ಡ್‌ರ ಎಷ್ಟೋ ಚಿತ್ರಗಳಲ್ಲಿ ಇಂಡಿಯನ್ನರಾಗಿ ಕುದುರೆ ಓಡಿಸಿದವರು ಮಾನ್ಯುಮೆಂಟ್ ಕಣಿವೆಯ ನವಾಹೊ ಜನ. ಅವರ ಭಾಷೆಯನ್ನು ವಸತಿ ಶಾಲೆಗಳಲ್ಲಿ ಅಡಗಿಸಿದ ಸರ್ಕಾರವೇ 1942ರಿಂದ ಅದನ್ನು ಯುದ್ಧದ ಗುಪ್ತ ಸಂಕೇತವಾಗಿ ಬಳಸಿತು.

ಈ ಶಾಲೆಯ ದೃಶ್ಯ ನೋಡಿದಾಗಲೆಲ್ಲ ನನಗೆ ನಾನು ಓದಿದ ಕನ್ನಡ ಶಾಲೆ ನೆನಪಾಗುತ್ತದೆ. ತೆಲುಗಿನ ನಡುವೆ ಕನ್ನಡ ಉಳಿಸಿದ ಶಾಲೆಯೆಂದು ಅದರ ಬಗ್ಗೆ ನಮಗೆ ಹೆಮ್ಮೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗ ತಾಂಡಾದಿಂದ ಬರುತ್ತಿದ್ದ. ಲಂಬಾಣಿ ಮಾತು ಬಾಯಿಗೆ ಬಂದರೆ ಅವನಿಗೆ ಪೆಟ್ಟು ಬೀಳುತ್ತಿತ್ತು. ನಾವು ನಗುತ್ತಿದ್ದೆವು. ಐದನೆಯ ತರಗತಿಯ ನಂತರ ಅವನು ಬರಲಿಲ್ಲ. ಅವನ ಭಾಷೆಯ ಒಂದು ಶಬ್ದವೂ ನನಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯ ಬಿದ್ದಿರಲಿಲ್ಲ. ನನ್ನದೇ ಅಳತೆಗೋಲಿನಿಂದ ಅಳೆದರೆ ಆ ಕೋಣೆಯಲ್ಲಿ ಕರ್ನಲ್ ಥರ್ಸ್‌ಡೇ ನಾನೇ. ಸಪ್ತಭಾಷಾ ಭೂಮಿಯೆನಿಸಿದ ನಿಮ್ಮ ನಾಡಿನಲ್ಲೂ ತುಳು, ಬ್ಯಾರಿ ಮಾತಾಡುವ ಮಕ್ಕಳು ಕನ್ನಡ ಶಾಲೆಯ ಹೊಸ್ತಿಲು ದಾಟಿದವರೇ. ಅವರ ನೆನಪೇನೆಂದು ನೀವೇ ಕೇಳಿ ನೋಡಬೇಕು.

ಒಳ್ಳೆಯ ಗಡಿ ಚಿತ್ರವೆಂದರೆ ಗೆದ್ದವರು ಸೋತವರ ಲೆಕ್ಕ ಕೊಡುವುದಲ್ಲ, ಯಾರ ಮಾತನ್ನು ಯಾರು ಕಲಿಯಬೇಕಾಯಿತು ಎಂಬುದನ್ನು ತೋರಿಸುವುದು. ಈ ಮೂರು ಚಿತ್ರಗಳು ಅರ್ಧ ತೋರಿಸುತ್ತವೆ. ಉಳಿದರ್ಧವನ್ನು ಗಡಿಯವರೇ ತುಂಬಿಕೊಂಡು ನೋಡಬೇಕು. ಈಗ ನಾನು ನೋಟೀಸನ್ನು ಎರಡು ಸಲ ಓದಿ ಹೇಳುತ್ತೇನೆ, ‘ಹರಾಜು’ ಎಂಬ ಶಬ್ದವನ್ನೂ ಸೇರಿಸಿ. ಈ ಸಂಚಿಕೆ ಅಂಚೆಯಲ್ಲಿ ನನ್ನ ಕೈಗೆ ಬಂದಾಗ ಅದರ ಮಲಯಾಳ ಪುಟಗಳು ನನಗೆ ಬರಿಯ ಚಿತ್ತಾರ. ನಿಮ್ಮಲ್ಲಿ ಯಾರಾದರೂ ಒಂದು ಪುಟವನ್ನು ಓದಿ ಹೇಳಿದರೆ ಕೇಳಲು ಸಿದ್ಧನಿದ್ದೇನೆ. ಮೃದು ಮಾಡದೆ, ಇದ್ದುದನ್ನು ಇದ್ದಂತೆ ಹೇಳಿ.