ಬರಿಗಾಲಿನ ಕಸುಬು

ಫುಟ್‌ಬಾಲ್ ಎಂದರೆ ಕೋಲ್ಕತ್ತ ಎನ್ನುವವರಿಗೆ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ 1946–47ರ ಆವೃತ್ತಿಯನ್ನು ನೆನಪಿಸಬೇಕು. ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿತು. 1952–53ರಲ್ಲಿ ಮತ್ತೆ ಅದೇ ಊರು, ಅದೇ ಎದುರಾಳಿ, ಅದೇ ಫಲ.

ನನಗೆ ಗೆಲುವಿಗಿಂತ ಆ ಕಾಲದ ಪಾದಗಳ ಮೇಲೆ ಮೋಹ. ಬಹಳ ಮಂದಿಗೆ ಬೂಟಿಲ್ಲ. ಬಟ್ಟೆಯ ಪಟ್ಟಿ ಸುತ್ತಿಕೊಂಡೇ ಆಟ. ತೊಗಲಿನ ಚೆಂಡು ನೀರು ಕುಡಿದರೆ ಕಲ್ಲು. ಅದನ್ನು ತಡೆದು, ಬೆರಳ ತುದಿಯಲ್ಲೇ ಅದರ ಓಟವನ್ನು ಅಳೆದು, ಎದುರಾಳಿಯ ಬೂಟು ಬೀಳುವ ಮೊದಲೇ ಪಕ್ಕಕ್ಕೆ ಜಾರಿಸಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತು. (ಎರಡು ಪೆನಾಲ್ಟಿ ಕೈಚೆಲ್ಲಿದ್ದನ್ನು ನಾನಂತೂ ಕ್ಷಮಿಸಲಾರೆ.) ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲಾದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10–1ರಿಂದ ಬಡಿದ ಮೇಲೆ ಬೂಟು ಕಡ್ಡಾಯವಾಯಿತು. ಸರಿಯಾದ ತೀರ್ಮಾನವೇ.

ಆದರೂ, ಹೆಬ್ಬಾಳ, ಯಲಹಂಕದ ಟರ್ಫ್‌ಗಳಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಆಡುವ ಹುಡುಗರೇ, ಎಲ್ಲಾದರೂ ಮಣ್ಣಿನ ಮೈದಾನ ಸಿಕ್ಕರೆ ಒಮ್ಮೆ ಬೂಟು ಬಿಚ್ಚಿ ಆಡಿ ನೋಡಿ.